ಬಲಗೆನ್ನೆಯ ಮಚ್ಚೆ

ಪ್ಯಾರಿಸ್, ೧೮೪೩

ಜನವರಿ ೯, ಸೋಮವಾರ

ಇವತ್ತು ಮೂರನೇ ಅಂಕದಲ್ಲಿ ಚೆನ್ನಾಗಿ ಅತ್ತೆ. 'ಗಿರಣಿಯ ಅನಾಥೆ' ನಾಟಕದಲ್ಲಿ ತಾಯಿ ಕೊನೆಗೂ ಮಗಳನ್ನು ಗುರುತು ಹಿಡಿಯುವ ಜಾಗ ಅದು. ಎರಡನೇ ಗ್ಯಾಲರಿಯಿಂದ ನನ್ನ ಮೊದಲ ಬಿಕ್ಕು ಕೇಳಿದ್ದೇ ತಡ, ನಮ್ಮ ಉಳಿದ ಹೆಂಗಸರು ಶುರು ಹಚ್ಚಿಕೊಂಡರು. ಅವರನ್ನು ನೋಡಿ ದುಡ್ಡು ಕೊಟ್ಟು ಬಂದವರೂ ಕರವಸ್ತ್ರ ತೆಗೆದರು. ಕೆಳಗೆ ತೂಗುದೀಪದ ಅಡಿಯಲ್ಲಿ ಕೂತ ನಮ್ಮ ಗಂಡಸರು ಚಪ್ಪಾಳೆ ತಟ್ಟಿದರು. ಥಿಯೇಟರಿನ ಸಂಬಳಕ್ಕೆ ಅಳುವ, ನಗುವ ನಮ್ಮ ಚಪ್ಪಾಳೆ ದಳದ ಯಜಮಾನ ಬುಸ್ಕೆ ಹೊರಗೆ ಸಿಕ್ಕಾಗ, "ಮದಾಮ್ ಪೆಲಾಜಿ, ಇವತ್ತಿನ ಅಳು ಬೆಣ್ಣೆ ಇದ್ದ ಹಾಗಿತ್ತು" ಎಂದರು. ಆ ಮನುಷ್ಯನ ಬಾಯಲ್ಲಿ ಹೊಗಳಿಕೆ ಬರುವುದು ವರ್ಷಕ್ಕೊಮ್ಮೆ.

ಕರವಸ್ತ್ರದಲ್ಲಿ ಈರುಳ್ಳಿ ಇಟ್ಟುಕೊಳ್ಳುವುದು ಕಲಿಯುವವರ ಕೆಲಸ, ಪಕ್ಕದವರಿಗೆ ವಾಸನೆ ಹೊಡೆಯುತ್ತದೆ. ನಾನು ರೆಪ್ಪೆ ಮಿಟುಕಿಸದೆ ತೂಗುದೀಪವನ್ನೇ ನೋಡುತ್ತೇನೆ, ಅಷ್ಟೆ. ಆದರೆ ಕಣ್ಣೀರಿಗಿಂತ ಮುಖ್ಯವಾದದ್ದು ಯಾರ ನೆನಪಿನಲ್ಲೂ ಉಳಿಯದಂಥ ಮುಖ. ಬುಸ್ಕೆಯ ಕಾನೂನು ಒಂದೇ: ಅಳುವವಳ ಗುರುತು ಜನಕ್ಕೆ ಸಿಕ್ಕಿತೋ, ಅವತ್ತೇ ಮನೆಗೆ. ಜೊಸೆಟ್‌ಗೆ ಹಾಗೇ ಆಯಿತು. ಕಿರಾಣಿ ಅಂಗಡಿಯವನೊಬ್ಬ ಸತತ ಎರಡನೇ ಸಲ ನಾಟಕಕ್ಕೆ ಬಂದವನು, "ಅಯ್ಯೋ, ಈಯಮ್ಮ ಇನ್ನೂ ಸುಧಾರಿಸಿಕೊಂಡಿಲ್ವಾ?" ಎಂದು ಗಟ್ಟಿಯಾಗಿ ಕೇಳಿದ. ಇಡೀ ಗ್ಯಾಲರಿ ಬಿದ್ದು ಬಿದ್ದು ನಕ್ಕಿತು, ನಾಟಕ ಮುಗಿದೇ ಹೋಯಿತು. ಜೊಸೆಟ್ ಈಗ ಮೊಲದ ಚರ್ಮ ಮಾರುತ್ತಾಳೆ.

ನನ್ನ ಗಂಡ ತೀರಿಕೊಂಡಾಗ ನನಗೊಂದು ಹನಿ ಬರಲಿಲ್ಲ. ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ. ದಿನವಿಡೀ ಬೇರೆಯವರ ಬಟ್ಟೆ ಒಗೆಯುವವಳಿಗೆ ಮನೆಗೆ ಬಂದು ಮತ್ತೆ ಸೋಪು ಹಿಡಿಯಲು ಮನಸ್ಸಾಗುತ್ತದೆಯೇ? ನಗು ಅಂತೂ ನನಗೆ ಬರುವುದೇ ಇಲ್ಲ. ಒಮ್ಮೆ ನಗುವವರ ಸಾಲಿನಲ್ಲಿ ಕೂರಿಸಿ ನೋಡಿದ ಬುಸ್ಕೆ, ಮೊದಲ ಹಾಸ್ಯಕ್ಕೇ ಓಡಿ ಬಂದು ನೀರು ಬೇಕಾ ಎಂದು ಕೇಳಿದ್ದರು.

ಜನವರಿ ೧೨, ಗುರುವಾರ

ಚಿತ್ರದಂಗಡಿಯ ಗಾಜಿನ ಮುಂದೆ ಜನ ಮುತ್ತಿಕೊಂಡು ನಗುತ್ತಿದ್ದರು. ನಾನೂ ಇಣುಕಿದೆ. ನಗೆಪತ್ರಿಕೆಯ ಹೊಸ ಕಲ್ಲಚ್ಚು ಚಿತ್ರ ನೇತುಹಾಕಿದ್ದರು: ಗ್ಯಾಲರಿಯ ಕಟಕಟೆಗೆ ಒರಗಿ ಅಳುತ್ತಿರುವ ಹೆಂಗಸು. ಸೊಟ್ಟಗಾದ ಬಾಯಿ, ಮುದುಡಿದ ಗಲ್ಲ, ಊದಿದ ಮೂಗು, ಕರವಸ್ತ್ರವಲ್ಲ ಟವೆಲ್ಲೇ ಹಿಡಿದ ಹಾಗಿದೆ.

ಅದು ನಾನೇ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವ ಅದೇ ಮುಖ. ಮಚ್ಚೆಯೂ ಕನ್ನಡಿಯಲ್ಲಿ ಕಾಣುವ ಜಾಗದಲ್ಲೇ ಇದೆ, ಎಡಗಡೆಯದಕ್ಕಿಂತ ಸ್ವಲ್ಪ ಮೇಲೇರಿರುವ ಬಲಹುಬ್ಬೂ ಹಾಗೇ ಇದೆ. ಕೆಳಗೆ 'ಸೂಕ್ಷ್ಮ ಹೃದಯ' ಎಂದು ಬರೆದು, ವೆರ್ದಿಯೆ ಎಂದು ರುಜು ಹಾಕಿದ್ದಾನೆ. ಇಷ್ಟು ಕೆಟ್ಟದಾಗಿ ಅವಮಾನ ಮಾಡಿದ ಮೇಲೆ ಅಡಿಬರಹವಾದರೂ ಸ್ವಲ್ಪ ಚುರುಕಾಗಿ ಇರಬಾರದಿತ್ತೇ?

ಶಾಲು ಮೂಗಿನವರೆಗೆ ಎಳೆದುಕೊಂಡು ಮನೆಗೆ ಬಂದೆ. ಬುಸ್ಕೆ ಆ ಪತ್ರಿಕೆ ಓದುತ್ತಾರೆ. ಈ ವಯಸ್ಸಿನಲ್ಲಿ ಮೊಲದ ಚರ್ಮ ಹೊತ್ತು ಬೀದಿ ಸುತ್ತುವ ಗತಿ ನನಗೂ ಬಂತು.

ಜನವರಿ ೧೩, ಶುಕ್ರವಾರ

ಯಾರೂ ಏನೂ ಅನ್ನಲಿಲ್ಲ. ಕೆಳಗೆ ಬಾಗಿಲು ಕಾಯುವ ಮದಾಮ್ ಗ್ರಿಮೋ, ಮೇಲಿನ ಮನೆಯವರ ಪತ್ರಿಕೆಯನ್ನು ಅವರಿಗಿಂತ ಮೊದಲು ಓದುವವಳು, ಆ ಚಿತ್ರವನ್ನು ನನ್ನ ಮೂಗಿನ ಮುಂದೆಯೇ ಹಿಡಿದು, "ನೋಡಿ ಮದಾಮ್, ಎಂಥಾ ದರಿದ್ರ ಮುಖ" ಎಂದಳು. ಬೇಕೆಂದೇ ಅಂದಳೋ, ಕಣ್ಣೇ ಕಾಣುವುದಿಲ್ಲವೋ ಗೊತ್ತಾಗಲಿಲ್ಲ.

ಜನವರಿ ೧೭, ಮಂಗಳವಾರ

ನಿದ್ದೆಗೆಟ್ಟು ಸಾಕಾಯಿತು. ಅಂಗಡಿಯವನ ಹತ್ತಿರ ವಿಳಾಸ ಕೇಳಿಕೊಂಡು ಆ ವೆರ್ದಿಯೆಯ ಮನೆಗೆ ಹೋದೆ. ಐದು ಮಹಡಿ. ಮೇಲೆ ಹೋಗುವಷ್ಟರಲ್ಲಿ ಬೈಯಲು ಉಸಿರೇ ಉಳಿದಿರಲಿಲ್ಲ.

ಐವತ್ತರ ಹತ್ತಿರದ ಒಣಕಲು ಮನುಷ್ಯ, ಬೆರಳೆಲ್ಲ ಕಪ್ಪು. ಮೇಜಿನ ಮೇಲೆ ಹಲಗೆಯಷ್ಟು ದಪ್ಪದ ಬಿಳಿ ಕಲ್ಲು, ಅದರ ಮೇಲೆ ಜಿಡ್ಡಿನ ಬಳಪದಿಂದ ಏನೋ ಗೀಚುತ್ತಿದ್ದ.

"ಆ ಚಿತ್ರ ಅಳಿಸಿ" ಎಂದೆ.

"ಯಾವ ಚಿತ್ರ?"

"ನಂದು."

ಅವನು ನನ್ನ ಮುಖವನ್ನೇ ನೋಡಿದ. ಗೋಡೆಯ ಮೇಲಿದ್ದ ಚಿತ್ರ ನೋಡಿದ. ಮತ್ತೆ ನನ್ನನ್ನು ನೋಡಿದ. "ಇದು ನೀವಾ? ಇಲ್ಲ ಬಿಡಿ."

ಮೈ ಉರಿಯಿತು. ಕುರ್ಚಿಯ ಬೆನ್ನಿಗೆ ಒರಗಿ, ಅಲ್ಲೇ ಕಿಟಕಿಯ ಬೆಳಕನ್ನು ದಿಟ್ಟಿಸಿ ಮೂರನೇ ಅಂಕದ ಅಳು ಅತ್ತು ತೋರಿಸಿದೆ. ಅವನು ಬಳಪ ಕೆಳಗಿಟ್ಟ.

"ಅಯ್ಯೋ ದೇವರೇ, ನೀವೇ. ಆದ್ರೆ ಮದಾಮ್, ನಿಮಗೆ ಹೇಗೆ ಗೊತ್ತಾಯ್ತು? ಕಲ್ಲಿನ ಮೇಲೆ ಬರೆದಿದ್ದು ಕಾಗದಕ್ಕೆ ಉಲ್ಟಾ ಇಳಿಯುತ್ತೆ. ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ನಿಮ್ಮ ಮಚ್ಚೆ ಇರೋದು ಬಲಗೆನ್ನೇಲಿ, ಚಿತ್ರದಲ್ಲಿ ಎಡಗೆನ್ನೇಲಿ. ನಿಮ್ಮನ್ನ ದಿನಾ ನೋಡೋರಿಗೂ ಚಿತ್ರದಲ್ಲಿರೋಳು ಬೇರೆ ಯಾರೋ ಅನ್ಸುತ್ತೆ. ನೀವು ಹಾಗೆ ಕಾಣೋದು ಕನ್ನಡಿಯಲ್ಲಿ ಮಾತ್ರ."

ಅಂದರೆ ಇಡೀ ಪ್ಯಾರಿಸ್‌ನಲ್ಲಿ ಆ ಚಿತ್ರವನ್ನು ಗುರುತಿಸಬಲ್ಲವಳು ನಾನೊಬ್ಬಳೇ. ಅದನ್ನು ತಿಳಿಸಲು ನಾನೇ ಐದು ಮಹಡಿ ಹತ್ತಿ ಬಂದಿದ್ದೆ.

ಸಿಟ್ಟಿನಲ್ಲಿ ಇನ್ನೂ ಒಂದು ಹೇಳಿಬಿಟ್ಟೆ. "ನನ್ನ ಅಳು ನೋಡಿ ಹಲ್ಲು ಕಿರಿದ್ರಲ್ಲ, ಅದು ನನ್ನ ಸಂಬಳದ ಕೆಲಸ. ನೀವು ಬಳಪ ಉಜ್ಜೋ ಹಾಗೆ ನಾನು ಕಣ್ಣು ಉಜ್ತೀನಿ."

ನಗುತ್ತಾನೆ ಎಂದುಕೊಂಡೆ. ಅವನ ಮುಖ ಸಣ್ಣದಾಯಿತು. "ಮಂತ್ರಿಗಳ ಮುಖ ಬರೆಯೋ ಹಾಗಿಲ್ಲ ಅಂತ ಕಾನೂನು ಬಂದ್ಮೇಲೆ ಎಷ್ಟೋ ವರ್ಷದಿಂದ ನೋಡುಗರ ಮುಖಾನೇ ಬರೀತಿದೀನಿ. ಅಷ್ಟರಲ್ಲಿ ಒಂದೇ ಒಂದು ನಿಜವಾದ ಮುಖ ಸಿಕ್ತು ಅಂದ್ಕೊಂಡಿದ್ದೆ" ಎಂದ. ಪಾಪ ಅನ್ನಿಸಲಿಲ್ಲ.

ಆ ಕಲ್ಲನ್ನು ಆಗಲೇ ಮರಳು ನೀರು ಹಾಕಿ ತಿಕ್ಕಿ ನನ್ನನ್ನು ಅಳಿಸಿದ್ದನಂತೆ. ಅದರ ಮೇಲೆ ಈಗ ಬೇರೆ ಜೋಡಿ ಕೂತಿತ್ತು, ಅಳುವ ಹೆಂಡತಿ ಮತ್ತು ಗೊರಕೆ ಹೊಡೆಯುವ ಗಂಡ. ನನ್ನ ಮುಖದ ಮೇಲೆ ಆ ದಪ್ಪ ಮನುಷ್ಯ ಕೂತಿದ್ದು ನೋಡಿ ಇನ್ನಷ್ಟು ರೇಗಿತು. "ಅವನು ಮಲಗಿಲ್ಲ" ಎಂದೆ. "ಅವಳು ಅಳೋದು ಮುಗೀಲಿ ಅಂತ ಕಾಯ್ತಿದಾನೆ. ಮದುವೆ ಆದಾಗಿಂದ ಹೀಗೇ ಕಾಯ್ತಿದಾನೆ." ಬಾಗಿಲು ದಡಾರನೆ ಹಾಕಿಕೊಂಡು ಬಂದೆ.

ಜನವರಿ ೨೬, ಗುರುವಾರ

ಕಳ್ಳ. ಗೊರಕೆಯ ಚಿತ್ರ ಅಂಗಡಿಯಲ್ಲಿ ನೇತಾಡುತ್ತಿದೆ, ಕೆಳಗೆ ನನ್ನ ಮಾತು, ಒಂದಕ್ಷರ ಬಿಡದೆ. ಜನ ಚಿತ್ರ ನೋಡಿ ಮುಗುಳ್ನಗುತ್ತಾರೆ, ಕೆಳಗೆ ಓದಿ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ನನ್ನ ಮುಂದೆ ನಿಂತಿದ್ದ ಗಂಡಸೊಬ್ಬ ಹೆಂಡತಿಯ ಕಡೆ ತಿರುಗಿ ನೋಡಿ, ನಗುವುದನ್ನು ನಿಲ್ಲಿಸಿದ.

ಮತ್ತೆ ಐದು ಮಹಡಿ. "ನನ್ನ ಮುಖ ಕದ್ರಿ, ಈಗ ಬಾಯೂ ಬೇಕಾಯ್ತಾ?" ಎಂದು ಕೇಳಿದೆ.

"ಸಂಪಾದಕರು ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನಕ್ಕರು ಮದಾಮ್. ಅಡಿಬರಹ ನನಗೆ ಬರಲ್ಲ. ಕೂತ್ಕೊಳ್ಳಿ, ಹೇಗೂ ಬಂದಿದೀರಿ. ಇದನ್ನ ನೋಡಿ."

ನೋಡುವ ಇಷ್ಟವಿರಲಿಲ್ಲ, ಉಸಿರು ಸುಧಾರಿಸಿಕೊಳ್ಳಲು ಕೂತೆ. ಹೊಸ ಕಲ್ಲಿನ ಮೇಲೆ ಮುಂದಿನ ಸಾಲಿನವರು, ಎಲ್ಲರ ಬಾಯೂ ತೆರೆದಿದೆ, ಒಬ್ಬ ಮುದುಕನದು ಮಾತ್ರ ಮುಚ್ಚಿದೆ. "ಇವನು ವಿಮರ್ಶಕ" ಎಂದು ವೆರ್ದಿಯೆ ವಿವರಿಸಿದ. ನಾನು, "ಅಲ್ಲ, ಇವನಿಗೆ ಹಲ್ಲಿಲ್ಲ" ಎಂದೆ. ಅವನು ನಕ್ಕ ರೀತಿಗೆ ಕಲ್ಲಿನ ಮೇಲೆ ಗೆರೆ ಹಾರಿತು. ಸಾಮಾನ್ಯವಾಗಿ ನನ್ನ ಮಾತಿಗೆ ಜನ ಬೇಸರ ಮಾಡಿಕೊಳ್ಳುತ್ತಾರೆ. ಈ ಮನುಷ್ಯನಿಗೆ ಅಷ್ಟೂ ತಿಳಿಯುವುದಿಲ್ಲ.

ಇನ್ನೂ ನಾಲ್ಕೈದು ಚಿತ್ರ ತೋರಿಸಿದ. ಎಲ್ಲದರಲ್ಲೂ ತಪ್ಪು ಹುಡುಕಿದೆ. ಬೆಳಕು ಇಳಿದು ಹೋಗಿದ್ದು ಗೊತ್ತಾಗಲಿಲ್ಲ, ಥಿಯೇಟರ್‌ಗೆ ಓಡಿ ಹೋಗಬೇಕಾಯಿತು.

ಫೆಬ್ರವರಿ ೨, ಗುರುವಾರ

ಮೇಣದಬತ್ತಿ ಹಬ್ಬ. ಎಲ್ಲರ ಮನೆಯಲ್ಲೂ ಕ್ರೆಪ್ ದೋಸೆ ಹುಯ್ಯುತ್ತಿರುವಾಗ ಆ ಒಂಟಿ ಮನುಷ್ಯ ಏನು ತಿನ್ನುತ್ತಾನೋ ನೋಡೋಣವೆಂದು ಹೋದೆ, ಬೇರೆ ಕಾರಣವಿಲ್ಲ. ಅವನೇ ಹುಯ್ಯುತ್ತಿದ್ದ. ಎಡಗೈಯಲ್ಲಿ ನಾಣ್ಯ ಹಿಡಿದು ಬಲಗೈಯಲ್ಲಿ ಬಾಣಲೆ ಎತ್ತಿ ತಿರುವಿ ಹಾಕಬೇಕು, ವರ್ಷವೆಲ್ಲ ಒಳ್ಳೆಯದಾಗುತ್ತದೆ. ಅವನದು ಮೇಲೆ ಹೋದದ್ದು ಕಲ್ಲಿನ ಮೇಲೆ ಬಿತ್ತು. "ಇದೂ ಉಲ್ಟಾನೇ ಅಚ್ಚಾಗುತ್ತಾ?" ಎಂದು ಕೇಳಿದೆ. ಕರಕಲಾಗಿತ್ತು. ಮೂರು ತಿಂದೆ, ಬಿಸಾಡುವುದು ಪಾಪ ಎಂದು.

ನಾಟಕ ಮುಗಿದ ಮೇಲಿನ ಮುಖ ಬರೆಯಬೇಡಿ ಎಂದು ಹೇಳಿಕೊಟ್ಟೆ. ಪರದೆ ಏಳುವ ಮುಂಚೆ ನೋಡಿ, ದುಡ್ಡು ಕೊಟ್ಟವರು ಆಗಲೇ ಸಂತೋಷ ಹುಡುಕುತ್ತಿರುತ್ತಾರೆ. ಸಂಜೆ ಗ್ಯಾಲರಿಯಲ್ಲಿ ನಾನೂ ಸುಮ್ಮನೆ ನೋಡಿದೆ. ನನ್ನ ಎದುರಿನ ಸಾಲಿನಲ್ಲಿ ಟೋಪಿ ಮಾರುವವಳೊಬ್ಬಳು ನಾಯಕಿಯ ಸಾವಿಗಿಂತ ನಾಯಕಿಯ ಟೋಪಿಗೆ ಹೆಚ್ಚು ಮರುಗುತ್ತಿದ್ದಳು. ಅವಳನ್ನು ನೋಡುತ್ತಾ ಇದ್ದೆ. ತೂಗುದೀಪ ನೋಡಲು ಸ್ವಲ್ಪ ತಡವಾಯಿತು, ಪರವಾಗಿಲ್ಲ, ನಾಟಕದ ಮಾತು ಒಂದೇ ಸಾಲು ಮುಂದೆ ಹೋಗಿತ್ತು.

ಫೆಬ್ರವರಿ ೧೦, ಶುಕ್ರವಾರ

ಜೀವ ಬಾಯಿಗೆ ಬಂದಿತ್ತು. ಥಿಯೇಟರ್ ಪಕ್ಕದ ಕೆಫೆಯಲ್ಲಿ ಬುಸ್ಕೆ ನಮ್ಮ ಪಾಳಿ ಹಂಚುತ್ತಾರೆ. ಇವತ್ತು ನನ್ನನ್ನು ಮಾತ್ರ ಉಳಿಸಿಕೊಂಡರು.

"ಏನಮ್ಮಾ ಪೆಲಾಜಿ, ನಿಮ್ಮ ಕಣ್ಣೀರು ಈಚೆಗೆ ತಡವಾಗಿ ಬರ್ತಿದೆಯಲ್ಲ."

"ಚಳಿ" ಎಂದೆ.

ಆಮೇಲೆ ಕೋಟಿನ ಒಳಗಿಂದ ಮಡಿಸಿದ ಕಾಗದ ತೆಗೆದರು. ಆ ಚಿತ್ರ. ನನ್ನ ಮುಖದ ಪಕ್ಕ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. "ಯಾರೋ ಅಂದ್ರು ಇದು ನೀವೇ ಅಂತ. ಅಳಿ ನೋಡೋಣ."

ಅತ್ತೆ. ಇಷ್ಟು ಭಯದಲ್ಲಿ ತೂಗುದೀಪವೂ ಬೇಕಾಗಲಿಲ್ಲ. ಬುಸ್ಕೆ ಬೆರಳಿನಿಂದ ನನ್ನ ಮಚ್ಚೆ ಮುಟ್ಟಿದರು, ಚಿತ್ರದ ಮಚ್ಚೆ ಮುಟ್ಟಿದರು, ಮತ್ತೆ ನನ್ನದು. ಕೊನೆಗೆ ನಿಟ್ಟುಸಿರು ಬಿಟ್ಟರು. "ನಿಮ್ದು ಬಲಗಡೆ, ಇವಳದು ಎಡಗಡೆ. ಬೇರೆ ಥಿಯೇಟರಿನೋಳು ಇರ್ಬೇಕು. ನಿಮಗಿಂತ ಚೆನ್ನಾಗಿ ಅಳ್ತಾಳೆ, ಕಲ್ತ್ಕೊಳ್ಳಿ."

ಇದನ್ನು ವೆರ್ದಿಯೆಗೆ ಯಾವಾಗ ಹೇಳುವೆನೋ ಎಂದು ಕಾಲು ನಿಲ್ಲುತ್ತಿಲ್ಲ. ಅವನ ಕಲ್ಲಿನ ತಪ್ಪೇ ನನ್ನನ್ನು ಉಳಿಸಿತು ಎಂದು ತಿಳಿಯಲಿ, ಅದಕ್ಕೆ.

ಫೆಬ್ರವರಿ ೧೪, ಮಂಗಳವಾರ

ಹೋಗಿದ್ದೆ. ಮನೆಯಲ್ಲಿರಲಿಲ್ಲ. ಐದು ಮಹಡಿ ದಂಡ. ತಲೆನೋವು, ಬರೆಯಲು ಏನೂ ಇಲ್ಲ.

ಫೆಬ್ರವರಿ ೨೫, ಶನಿವಾರ

ಎಲ್ಲ ಮುಗಿಯಿತು. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಹೊಸ ನಾಟಕದ ಮೊದಲ ಪ್ರದರ್ಶನ. ನಾಟಕ ಬರೆದವನು ಗಣ್ಯರ ಬಾಕ್ಸಿನಲ್ಲಿ ಕೂತು ಕೈಗವಸು ಕಚ್ಚುತ್ತಿದ್ದ. ಬುಸ್ಕೆ ಬೆಳಿಗ್ಗೆಯೇ ಎಚ್ಚರಿಸಿದ್ದರು: ನಾಲ್ಕನೇ ಅಂಕದಲ್ಲಿ ತಂದೆ ಖಾಲಿ ತೊಟ್ಟಿಲು ತೂಗುವಾಗ ನಾನು ಮೊದಲು ಬಿಕ್ಕಬೇಕು, ನನ್ನ ಬಿಕ್ಕು ಕೇಳಿಯೇ ಉಳಿದವರೆಲ್ಲ ಎತ್ತಿಕೊಳ್ಳಬೇಕು.

ನನ್ನಿಂದ ಎರಡು ಜಾಗ ಆಚೆ ಒಬ್ಬ ಮುದುಕ ಕೂತಿದ್ದ. ಸವೆದ ಕೋಟು, ಮಡಿಲಲ್ಲಿ ಟೋಪಿ. ತೊಟ್ಟಿಲು ರಂಗದ ಮೇಲೆ ಬಂದ ಕೂಡಲೇ ಅವನ ಕಣ್ಣಿಂದ ನೀರು ಇಳಿಯತೊಡಗಿತು. ಬಾಯಿ ಸೊಟ್ಟಗಾಗಲಿಲ್ಲ, ಗಲ್ಲ ನಡುಗಲಿಲ್ಲ, ಕರವಸ್ತ್ರ ತೆಗೆಯಲಿಲ್ಲ. ಮುಖ ಹೇಗಿತ್ತೋ ಹಾಗೇ ಇತ್ತು, ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಅಳುತ್ತಿದ್ದೇನೆಂದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಇಷ್ಟು ವರ್ಷ ನಾನು ಮಾಡುತ್ತಿದ್ದುದಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದನ್ನು ಕಲ್ಲಿನ ಮೇಲೆ ಬರೆಯಲು ಬರುವುದಿಲ್ಲ, ವೆರ್ದಿಯೆಗೆ ಇದನ್ನು ಬಾಯಲ್ಲೇ ಹೇಳಬೇಕು, ಯಾವ ಮಾತಿನಲ್ಲಿ ಹೇಳುವುದು ಎಂದು ಯೋಚಿಸುತ್ತಿದ್ದೆ.

ಆಗ ತಿಳಿಯಿತು, ಇಡೀ ಥಿಯೇಟರ್ ಸದ್ದಿಲ್ಲದೆ ಕೂತಿದೆ. ತೊಟ್ಟಿಲು ನಿಂತಿದೆ. ನಟ ನನ್ನ ಬಿಕ್ಕಿಗಾಗಿ ಕಾಯುತ್ತಿದ್ದಾನೆ, ನಮ್ಮ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದಾರೆ, ಕೆಳಗಿಂದ ಬುಸ್ಕೆ ಕತ್ತು ಮೇಲೆತ್ತಿದ್ದಾರೆ. ಬಾಯಿ ತೆರೆದೆ. ಆ ಮುದುಕನ ಪಕ್ಕದಲ್ಲಿ ಕೂತು ಹಾಗೆ ಅಳಲು ಆಗಲಿಲ್ಲ. ನೆಗಡಿಯಾಗಿತ್ತು, ಅದಕ್ಕೇ ಇರಬೇಕು.

ಪರದೆ ಬಿತ್ತು.

ಫೆಬ್ರವರಿ ೨೭, ಸೋಮವಾರ

ಪತ್ರಿಕೆಗಳೆಲ್ಲ ಆ ಮೌನವನ್ನೇ ಹೊಗಳಿವೆ. 'ಪ್ರೇಕ್ಷಕರು ಅಳುವುದನ್ನೂ ಮರೆತರು' ಎಂದು ಒಂದರಲ್ಲಿತ್ತು. ನಾಟಕ ಗೆದ್ದಿದೆ, ಟಿಕೆಟ್ ಸಿಗುತ್ತಿಲ್ಲ. ಧೈರ್ಯ ಬಂದು ಕೆಫೆಗೆ ಹೋದೆ.

ಬುಸ್ಕೆ ಪತ್ರಿಕೆ ಮೇಜಿಗೆ ಬಡಿದರು. "ಓದಿದ್ರಾ?"

"ಓದಿದೆ. ಒಳ್ಳೇದೇ ಬರ್ದಿದಾರಲ್ಲ."

"ಅದೇ ನನ್ನ ತಲೆನೋವು ತಾಯೀ. ಕೆಟ್ಟದಾಗಿ ಬರ್ದಿದ್ರೆ ಕ್ಷಮಿಸ್ತಿದ್ದೆ. ನಾವು ಅಳದಿದ್ರೂ ನಾಟಕ ಗೆಲ್ಲುತ್ತೆ ಅಂತ ಮ್ಯಾನೇಜರಿಗೆ ಗೊತ್ತಾದ್ರೆ ನಮ್ಮ ಅಂಗಡಿ ಕಥೆ ಏನು? ನನ್ನ ಕೈಕೆಳಗೆ ಎಷ್ಟು ಸಂಸಾರ ಇದೆ ಗೊತ್ತಾ? ನಾಳೆಯಿಂದ ಬರಬೇಡಿ."

ನ್ಯಾಯವಾದ ಮಾತು. ನನ್ನ ಕಪ್ಪು ಅಂಚಿನ ಕರವಸ್ತ್ರಗಳನ್ನು ಮೇಜಿನ ಮೇಲಿಟ್ಟು ಬಂದೆ, ಅವು ದಳದ ಆಸ್ತಿ.

ಫೆಬ್ರವರಿ ೨೮, ಮಂಗಳವಾರ

ನಲವತ್ತು ದಿನದ ಉಪವಾಸ ನಾಳೆ ಶುರು, ಇವತ್ತು ಅದರ ಹಿಂದಿನ ದಿನದ ಹಬ್ಬ. ಹೂ ಮುಡಿಸಿದ ಕೊಬ್ಬಿದ ಎತ್ತಿನ ಮೆರವಣಿಗೆ ಹೋಯಿತು. ಬೀದಿಯವರೆಲ್ಲ ಮುಖವಾಡ ಹಾಕಿದ್ದರು, ನಾನು ಸ್ವಂತ ಮುಖದಲ್ಲಿ ಹೋಗಿ ರೊಟ್ಟಿ ತಂದೆ. ಭಯವಾಗುತ್ತಿದೆ. ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಿ ಬರೆದಿಡುತ್ತೇನೆ: ತುಂಬಾ ಭಯವಾಗುತ್ತಿದೆ. ಮೊಲದ ಚರ್ಮದ ವಾಸನೆ ನನಗೆ ಆಗುವುದಿಲ್ಲ.

ಮಾರ್ಚ್ ೬, ಸೋಮವಾರ

ವೆರ್ದಿಯೆಯೇ ಹುಡುಕಿಕೊಂಡು ಬಂದಿದ್ದ. ಸಂಪಾದಕರು ಕಳಿಸಿದ್ದಾರಂತೆ, ಅಡಿಬರಹ ಬರೆಯುವವರು ಯಾರು, ಕರೆತನ್ನಿ ಎಂದು. ವಾರಕ್ಕಿಷ್ಟು ಎಂದು ಗೊತ್ತು ಮಾಡುತ್ತಾರಂತೆ. ನಾಳೆಯಿಂದಲೇ ಇಬ್ಬರೂ ರಂಗಕ್ಕೆ ಬೆನ್ನು ಹಾಕಿ ಕೂತು ಜನರನ್ನು ನೋಡಬೇಕಂತೆ.

"ಹೆಂಗಸು ಬರೀತಾಳೆ ಅಂತ ಗೊತ್ತಾ ಅವರಿಗೆ?"

"ಹೇಳ್ದೆ. ಹಾಗಾದ್ರೆ ಗಂಡಂದಿರ ಬಗ್ಗೆ ಜಾಸ್ತಿ ಬರೀಲಿ ಅಂದ್ರು."

ಕರುಣೆಗೆ ಬಂದಿದ್ದರೆ ಬಾಗಿಲು ಅಲ್ಲಿದೆ ಎಂದೆ. "ಕರುಣೆ ಮಾಡೋಕೆ ನನಗೇ ಗತಿ ಇಲ್ಲ ಮದಾಮ್, ಸಂಪಾದಕರು ನನ್ನನ್ನೇ ತೆಗೆಯೋರಿದ್ರು" ಎಂದ. ಹಾಗಾದರೆ ಸರಿ, ಅವನ ಹೊಟ್ಟೆಪಾಡಿಗಾಗಿ ಒಪ್ಪಿಕೊಂಡೆ.

ಅವನ ಕೋಣೆಗೆ ಹೋಗಿ, ಬುಸ್ಕೆ ಬೆರಳಿಟ್ಟು ಮಚ್ಚೆ ಅಳೆದ ಕಥೆಯನ್ನು ಕೊನೆಗೂ ಹೇಳಿದೆ. ಬುಸ್ಕೆಯ ಹಾಗೆ ಒಂದು ಕಣ್ಣು ಮುಚ್ಚಿ ಮಾಡಿ ತೋರಿಸಿದೆ. ವೆರ್ದಿಯೆ ಅಷ್ಟು ಹೊತ್ತೂ ಕಲ್ಲಿನ ಮೇಲೆ ಏನೋ ಗೀಚುತ್ತಿದ್ದ, ಅದೂ ನನ್ನ ಕಡೆ ತಿರುಗದೆ, ಗೋಡೆಯ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ. ಮಾತಾಡುವವಳ ಮುಖ ನೇರವಾಗಿ ನೋಡಬೇಕೆಂಬ ಮರ್ಯಾದೆಯೂ ಕಲಿತಿಲ್ಲ. ಹೇಳಿದೆ. "ಕೆಲಸ ಇದೆ, ಅಲ್ಲಾಡಬೇಡಿ" ಎಂದ.

ಮಾರ್ಚ್ ೧೪, ಮಂಗಳವಾರ

ನೀಲಿ ಟೋಪಿ ಹಾಕಿಕೊಂಡು ಹೊರಟಿದ್ದೆ, ಬಿಸಿಲಿತ್ತು ಅಂತ. ಚಿತ್ರದಂಗಡಿಯ ಮುಂದೆ ಗುಂಪು. ಒಂದು ಹೆಂಗಸು ನಗುತ್ತಿರುವ ಚಿತ್ರ. ಬಾಯಿ ತುಂಬಾ ನಗು, ಒಂದು ಕಣ್ಣು ಮುಚ್ಚಿದೆ, ಹೊಟ್ಟೆ ಹಿಡಿದುಕೊಂಡಿದ್ದಾಳೆ. ಚೆಂದದವಳೇನಲ್ಲ. ಆದರೂ ಆ ಮುಖ ನೋಡುತ್ತಾ ನಿಲ್ಲಬೇಕು ಅನ್ನಿಸುತ್ತಿತ್ತು. ಯಾರ ಮನೆಯವಳೋ, ಒಳ್ಳೆಯ ಜೊತೆಯಲ್ಲಿ ಇದ್ದಾಳೆ ಅಂದುಕೊಂಡೆ. ಅಡಿಬರಹದ ಜಾಗ ಖಾಲಿ ಬಿಟ್ಟಿದ್ದರು.

ಅಷ್ಟರಲ್ಲಿ ಹಿಂದಿನಿಂದ ಮದಾಮ್ ಗ್ರಿಮೋ ನನ್ನ ತೋಳು ಹಿಡಿದಳು. "ಮದಾಮ್ ಪೆಲಾಜಿ, ಇದೇನಿದು, ನಿಮ್ಮನ್ನ ನೇತು ಹಾಕಿದಾರೆ?"

"ಇದು ನಾನಲ್ಲ" ಎಂದೆ.

"ನೀವಲ್ದೆ ಇನ್ಯಾರು? ನಿಮ್ಮ ಹುಬ್ಬು, ನಿಮ್ಮ ಮಚ್ಚೆ. ಬಲಗೆನ್ನೆ ನೋಡಿ."

ರೊಟ್ಟಿಯಂಗಡಿಯವನು ತಿರುಗಿ ನನ್ನನ್ನು ನೋಡಿದ, ಚಿತ್ರ ನೋಡಿದ, ಟೋಪಿ ಎತ್ತಿದ. ಮೊಲದ ಚರ್ಮದ ಗಂಟು ಹೊತ್ತು ಹೋಗುತ್ತಿದ್ದ ಜೊಸೆಟ್ ಕೂಡ ನಿಂತು, "ಅರೆ, ಪೆಲಾಜಿ" ಎಂದಳು. ಇಡೀ ಬೀದಿಗೆ ಗುರುತು ಸಿಕ್ಕಿದೆ, ನನ್ನೊಬ್ಬಳನ್ನು ಬಿಟ್ಟು.

ಮನೆಗೆ ಬಂದು ಕನ್ನಡಿ ಮುಂದೆ ತುಂಬಾ ಹೊತ್ತು ಕೂತೆ. ಇಲ್ಲ. ಈ ಮುಖ ನನಗೆ ಗೊತ್ತು, ಆ ಮುಖ ಗೊತ್ತಿಲ್ಲ. ಆ ಹೆಂಗಸಿನ ಮಚ್ಚೆ ಬೇರೆ ಕಡೆ ಇದೆ, ಹುಬ್ಬು ಬೇರೆ ಕಡೆ ಏರಿದೆ, ಮೇಲಾಗಿ ಅವಳು ನಗುತ್ತಿದ್ದಾಳೆ. ವೆರ್ದಿಯೆ ಯಾರನ್ನೋ ಬರೆದು ಊರಿಗೆಲ್ಲ ನಾನೆಂದು ನಂಬಿಸಿದ್ದಾನೆ. ನಾಳೆ ಹೋಗಿ ಚೆನ್ನಾಗಿ ಬೈಯಬೇಕು, ಐದು ಮಹಡಿಯಾದರೂ ಪರವಾಗಿಲ್ಲ.